ತೊಳೆಯುವ ಮೊದಲು ಚಕ್ರ ನೋಡಿ: ಬ್ರೇಕ್ ಸದ್ದು, ಬ್ರೇಕ್ ಪುಡಿ

ಕಾರಿನ ಮುಂದಿನ ಚಕ್ರಗಳ ಮೇಲೆ ಕಪ್ಪು ಪುಡಿ ಕಂಡ ಕೂಡಲೇ ನೀರಿನ ಪೈಪ್ ಹಿಡಿಯಬೇಡಿ. ಮೊದಲು ಎಡ, ಬಲ ಎರಡೂ ಚಕ್ರಗಳನ್ನು ಬೆರಳಿನಿಂದ ಒರೆಸಿ ನೋಡಿ. ಎರಡರಲ್ಲೂ ಪುಡಿ ಹೆಚ್ಚು ಕಡಿಮೆ ಒಂದೇ ಸಮ ಇದ್ದರೆ ಚಿಂತೆಯಿಲ್ಲ. ಬ್ರೇಕಿನ ಪ್ಯಾಡು (ಉಜ್ಜುವ ಬಿಲ್ಲೆ) ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಗೆ ಉಜ್ಜಿದಾಗ ಎರಡೂ ಸವೆದು ಪುಡಿ ಬರಲೇಬೇಕು. ಆದರೆ ಒಂದು ಚಕ್ರದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ ಒಂದು ಕಡೆ ಬ್ರೇಕ್ ಬಿಡುತ್ತಿಲ್ಲ, ಇಲ್ಲವೇ ಇನ್ನೊಂದು ಕಡೆ ಸರಿಯಾಗಿ ಹಿಡಿಯುತ್ತಿಲ್ಲ. ಒಮ್ಮೆ ತೊಳೆದುಬಿಟ್ಟರೆ ಈ ಸುಳಿವು ಹೋಯಿತು.

ನಾನಿರುವುದು ಮೂಡಿಗೆರೆ ಪಕ್ಕ, ತವರು ಬೆಳ್ತಂಗಡಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದು, ಮತ್ತೆ ಹತ್ತುವುದು ನನ್ನ ವ್ಯಾಗನ್ ಆರ್‌ಗೆ ರೂಢಿ. ಘಾಟಿಯ ಇಳಿಜಾರು, ತಿಂಗಳುಗಟ್ಟಲೆ ಮಳೆ, ಕೆಸರು ಎಲ್ಲ ಸೇರಿ ಬ್ರೇಕಿಗೆ ಕೆಲಸ ಹೆಚ್ಚು. ಹಾಗಾಗಿ ಮುಂದಿನ ಪ್ಯಾಡುಗಳನ್ನು ಬಿಚ್ಚಿ ನೋಡುವುದನ್ನು ನಾನೇ ಕಲಿತುಕೊಂಡೆ.

ಸದ್ದುಗಳೆಲ್ಲ ಒಂದೇ ಅಲ್ಲ. ಮಳೆಗಾಲದ ಬೆಳಿಗ್ಗೆ ಕಾರು ತೆಗೆದ ತಕ್ಷಣ ಬರುವ ಒರಟು ಸದ್ದನ್ನು ಬಿಟ್ಟುಬಿಡಿ. ಡಿಸ್ಕ್ ಬೀಡುಕಬ್ಬಿಣದ್ದು, ರಾತ್ರಿ ಕಳೆಯುವಷ್ಟರಲ್ಲಿ ಮೇಲೆ ತೆಳು ತುಕ್ಕು ಬರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಉಜ್ಜಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಕರಕರ ಶುರುವಾದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಸ್ವಲ್ಪ ರಿವರ್ಸ್ ತೆಗೆದರೆ ಎಷ್ಟೋ ಸಲ ಬಿದ್ದುಹೋಗುತ್ತದೆ.

ಮೆಲ್ಲಗೆ ಒತ್ತಿದಾಗ ಮಾತ್ರ ಕೀಂ ಎನ್ನುವ ಸಣ್ಣ ಸದ್ದು ಬಂದು, ಜೋರಾಗಿ ಒತ್ತಿದರೆ ನಿಂತರೆ, ಪ್ಯಾಡು ತನ್ನ ಜಾಗದಲ್ಲಿ ಅದುರುತ್ತಿದೆ. ಕೊಳೆ, ಒಣಗಿದ ಗ್ರೀಸ್, ಬಿದ್ದುಹೋದ ಶಿಮ್ (ಪ್ಯಾಡಿನ ಬೆನ್ನಿಗಿರುವ ತೆಳು ತಗಡು), ಕಾದು ನುಣುಪಾದ ಪ್ಯಾಡು, ಇವೇ ಇದಕ್ಕೆ ಕಾರಣ. ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಬ್ರೇಕ್ ಒತ್ತದೆಯೂ ಸಣ್ಣ ಕೀರಲು ಸದ್ದು ಬರುತ್ತಾ, ಒತ್ತಿದಾಗ ಬದಲಾಗುತ್ತಿದ್ದರೆ ಪ್ಯಾಡು ಸವೆದಿರುವ ಸಾಧ್ಯತೆ ಹೆಚ್ಚು. ಹಲವು ಪ್ಯಾಡುಗಳಲ್ಲಿ ಅದಕ್ಕೆಂದೇ ಒಂದು ತಗಡಿನ ನಾಲಿಗೆ ಇರುತ್ತದೆ, ಪ್ಯಾಡು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಗರಗರ ಅನ್ನುವ ಭಾರೀ ಸದ್ದು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದೇ ತಿಳಿಯಿರಿ. ಆಮೇಲೆ ಕಾರು ಓಡಿಸಬೇಡಿ, ಘಾಟಿಯಂತೂ ಬೇಡವೇ ಬೇಡ. ಗಾಡಿ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಇನ್ನು ಬಿಚ್ಚುವ ಕೆಲಸ. ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ ಹಾಕಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಬಳಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಬಿಚ್ಚಿದ ಚಕ್ರವನ್ನೂ ಕಾರಿನ ಅಡಿ ಮಲಗಿಸಿಡಿ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯೇ ಕ್ಯಾಲಿಪರ್. ನನ್ನ ಕಾರಿನಲ್ಲಿ ಅದರ ಕೆಳಗಿನ ಬೋಲ್ಟ್ ತೆಗೆದರೆ ಅದನ್ನು ಮೇಲಕ್ಕೆ ಮಡಚಬಹುದು. ಪೂರ್ತಿ ಬಿಚ್ಚಬೇಕಾದರೆ ತಂತಿಯಿಂದ ಕಟ್ಟಿ, ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಒಳಗಿನ ಪ್ಯಾಡು ಯಾವುದು, ಹೊರಗಿನದು ಯಾವುದು ಅಂತ ಗುರುತು ಮಾಡಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರ್‌ಗೆ ಇಳಿದರೆ ಬದಲಾಯಿಸಿ, ಅದೂ ಎಡ ಬಲ ಎರಡೂ ಚಕ್ರಗಳದ್ದು ಒಟ್ಟಿಗೆ. ಡಿಸ್ಕ್ ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ.

ಒಳಗಿನ ಪ್ಯಾಡು ತೆಳುವಾಗಿ ಹೊರಗಿನದು ದಪ್ಪ ಉಳಿದಿದ್ದರೆ ಗೈಡ್ ಪಿನ್ ಹಿಡಿದುಕೊಂಡಿರಬಹುದು. ಮಳೆ ಹೆಚ್ಚಿರುವ ನಮ್ಮ ಕಡೆ ನಾನು ಮೊದಲು ನೋಡುವುದೇ ಇದನ್ನು. ಕ್ಯಾಲಿಪರ್ ಈ ಪಿನ್‌ಗಳ ಮೇಲೆ ಜಾರಬೇಕು. ರಬ್ಬರ್ ಬೂಟ್ ಹರಿದು ನೀರು ಹೋದರೆ ಪಿನ್ ತುಕ್ಕು ಹಿಡಿದು ಕೂರುತ್ತದೆ. ಆಗ ಪ್ಯಾಡು ಡಿಸ್ಕ್ ಬಿಡುವುದಿಲ್ಲ, ಆ ಚಕ್ರದಲ್ಲಿ ಪುಡಿ ಜಾಸ್ತಿ, ಬಿಸಿಯೂ ಜಾಸ್ತಿ. ಪಿನ್ ಹೊರಗೆ ಎಳೆದು ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಹರಿದ ಬೂಟ್ ಬದಲಾಯಿಸಿ.

ಸ್ವಚ್ಛ ಮಾಡುವಾಗ ದಯವಿಟ್ಟು ಗಾಳಿ ಹೊಡೆಯಬೇಡಿ. ಎಷ್ಟೋ ಗ್ಯಾರೇಜುಗಳಲ್ಲಿ ಏರ್ ಗನ್ ಹಿಡಿದು ಪುಡಿ ಹಾರಿಸುತ್ತಾರೆ. ಪಕ್ಕದಲ್ಲಿ ಕೂತ ಚಿಕ್ಕ ಹುಡುಗ ಅದನ್ನೆಲ್ಲ ಉಸಿರಾಡುತ್ತಾನೆ. ನೋಡಿದರೆ ಸಂಕಟವಾಗುತ್ತದೆ. ಈ ಪುಡಿಯಲ್ಲಿ ಕಬ್ಬಿಣ, ಬೇರೆ ಲೋಹಗಳು ಎಲ್ಲ ಇರುತ್ತವೆ, ಹಳೆಯ ಕಾಲದ ಪ್ಯಾಡುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಸಹ ಇರುತ್ತಿತ್ತು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒದ್ದೆ ಮಾಡಿ, ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಮಾಸ್ಕ್ ಇರಲಿ. ಗ್ಯಾರೇಜಿಗೇ ಕೊಟ್ಟರೂ ಇದೊಂದು ಮಾತು ಹೇಳಿ. ಹಿಂದಿನ ಚಕ್ರಗಳ ಡ್ರಮ್ (ಡಿಸ್ಕಿನ ಬದಲು ಇರುವ ಮುಚ್ಚಿದ ಬ್ರೇಕ್) ಬಿಚ್ಚಿಸುವಾಗಂತೂ ಮರೆಯದೆ ಹೇಳಿ, ಪುಡಿಯೆಲ್ಲ ಒಳಗೇ ಕೂತಿರುತ್ತದೆ.

ಪ್ಯಾಡಿನ ಮುಖ ಕನ್ನಡಿಯಂತೆ ಹೊಳೆಯುತ್ತಿದ್ದರೆ 80 ಅಥವಾ 100 ನಂಬರಿನ ಎಮರಿ ಪೇಪರನ್ನು ಸಪಾಟಾದ ಹಲಗೆ ಮೇಲಿಟ್ಟು ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ. ಇದಕ್ಕೂ ಮಾಸ್ಕ್ ಬೇಕು. ಎಣ್ಣೆ ಹೀರಿದ ಪ್ಯಾಡನ್ನು ಎಸೆಯಿರಿ. ಜೋಡಿಸುವಾಗ ಪ್ಯಾಡಿನ ಬೆನ್ನಿಗೆ, ಅದು ಕೂರುವ ಕಿವಿಗಳಿಗೆ ತೆಳುವಾಗಿ ಬ್ರೇಕ್ ಗ್ರೀಸ್ ಸವರಿ. ಉಜ್ಜುವ ಮುಖಕ್ಕೂ ಡಿಸ್ಕಿಗೂ ಒಂದು ತೊಟ್ಟೂ ತಾಗಬಾರದು. ಸದ್ದು ನಿಲ್ಲಲಿ ಅಂತ ಡಿಸ್ಕಿಗೆ ಎಣ್ಣೆಯನ್ನೋ ಡಬ್ಲ್ಯೂಡಿ-40 ಸ್ಪ್ರೇಯನ್ನೋ ಹೊಡೆಯುವವರಿದ್ದಾರೆ. ಸದ್ದು ನಿಲ್ಲುತ್ತದೆ, ಯಾಕೆಂದರೆ ಬ್ರೇಕೇ ಹಿಡಿಯುವುದಿಲ್ಲ!

ಹೊಸ ಪ್ಯಾಡು ಹಾಕಲು ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಗೆ ಒತ್ತಿದಾಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ, ಕಣ್ಣಿಟ್ಟಿರಿ. ಎಲ್ಲ ಜೋಡಿಸಿ, ಚಕ್ರ ಬಿಗಿ ಮಾಡಿ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಇದನ್ನು ಬಿಟ್ಟರೆ ಮೊದಲ ಸಲ ಒತ್ತಿದಾಗ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಹದವಾಗಿ ಇಳಿಸುತ್ತಾ, ನಡುನಡುವೆ ಬಿಡುವು ಕೊಟ್ಟು, ಎಂಟು ಹತ್ತು ಸಲ ಬ್ರೇಕ್ ಹಾಕಿ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಈಗ ಚಕ್ರ ತೊಳೆಯಬಹುದು. ಚಕ್ರ ತಣ್ಣಗಿರಲಿ, ಕಾರು ನೆರಳಲ್ಲಿರಲಿ. ಕಾರಿನ ಮೈ ತೊಳೆಯಲು ಬಳಸುವ ಬಕೆಟ್, ಬಟ್ಟೆ ಇದಕ್ಕೆ ಬೇಡ, ಕಬ್ಬಿಣದ ಪುಡಿ ಸೇರಿ ಪೇಂಟ್ ಗೀರುತ್ತದೆ. ಕಾರ್ ಶಾಂಪೂ, ಮೆತ್ತನೆ ಬ್ರಷ್ ಸಾಕು. ಅಲಾಯ್ ಚಕ್ರದಲ್ಲಿ ಅಂಟಿಕೊಂಡ ಕಂದು ಚುಕ್ಕೆಗಳಿಗೆ ಐರನ್ ರಿಮೂವರ್ ಸಿಗುತ್ತದೆ. ಅದು ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒಣಗುವ ಮೊದಲೇ ತೊಳೆದುಬಿಡಿ. ಆ್ಯಸಿಡ್ ಹಾಕಬೇಡಿ. ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕ್ ಒತ್ತಿ ಒಣಗಿಸಿ. ಒದ್ದೆ ಡ್ರಮ್‌ಗೆ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿದರೆ ಒಳಗಿನ ಶೂ (ಡ್ರಮ್‌ಗೆ ಉಜ್ಜುವ ಪಟ್ಟಿ) ಅಂಟಿಕೊಳ್ಳಬಹುದು.

ಪುಡಿ ಕಮ್ಮಿ ಮಾಡಬೇಕೆಂದರೆ ಘಾಟಿ ಇಳಿಯುವ ರೀತಿ ಬದಲಾಗಬೇಕು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಚಾರ್ಮಾಡಿಯ ತಿರುವುಗಳಲ್ಲಿ ನನಗೆ ಹೆಚ್ಚಾಗಿ ಸೆಕೆಂಡ್. ಉಳಿದ ವೇಗಕ್ಕೆ ಬ್ರೇಕ್ ಒತ್ತಿ, ಬಿಡಿ. ಕಾಲನ್ನು ಪೆಡಲ್ ಮೇಲೇ ಇಟ್ಟು ಸುಮ್ನೆ ಉಜ್ಜುತ್ತಾ ಇಳಿದರೆ ಪ್ಯಾಡು ಕಾಯುತ್ತದೆ, ನುಣುಪಾಗುತ್ತದೆ, ಸದ್ದು ಶುರುವಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು.