ಹಳದಿ ಬಾರದ ಟ್ಯೂಬುಗಳು

ಮೂರು ವಾರ ನಂಗೆ ಹಳದಿ ಬರ್ಲೇ ಇಲ್ಲ. ಹೆಬ್ಬಾಳದ ಕಡೆ ಒಂದು ಲ್ಯಾಬಲ್ಲಿ ಪ್ರಾಜೆಕ್ಟ್ ಮಾಡ್ತಿದ್ದೆ, ಈಸ್ಟ್‌ನ ಗ್ಯಾಲ್1 ಪ್ರೊಮೋಟರ್‌ಗೆ, ಅಂದ್ರೆ ಜೀನ್ ಆನ್ ಮಾಡೋ ಸ್ವಿಚ್ಚಿಗೆ, ಲ್ಯಾಕ್‌ಜೆಡ್ ಅನ್ನೋ ಜೀನ್ ಜೋಡ್ಸಿರೋ ತಳಿ, ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಕೊಟ್ರೆ ಜೀನ್ ಆನ್ ಆಗ್ಬೇಕು, ಆಮೇಲೆ ಒಎನ್‌ಪಿಜಿ ಅನ್ನೋ ಕೆಮಿಕಲ್ ಹಾಕಿದ್ರೆ ಆ ಜೀನಿನ ಎಂಜೈಮ್ ಅದನ್ನ ಒಡೆದು ಟ್ಯೂಬ್ ಹಳದಿ ತಿರುಗ್ಬೇಕು. ನಂದು ಬೋರ್‌ವೆಲ್ ನೀರಿನ ಥರ ಹಂಗೇ ನಿಂತಿರ್ತಿತ್ತು.

ಗ್ಯಾಲಕ್ಟೋಸ್ ನೇರ ಹೋಗಿ ಗ್ಯಾಲ್4 ಪ್ರೋಟೀನಿಗೆ ಅಂಟ್ಕೊಳತ್ತೆ ಅಂತ ನಾನು ಅಂದ್ಕೊಂಡಿದ್ದೆ. ಹಂಗಲ್ಲ ಅದು. ಜೀನ್ ಎಬ್ಬಿಸೋ ಕೆಲ್ಸ ಗ್ಯಾಲ್4ದೇ, ಆದ್ರೆ ಗ್ಯಾಲ್80 ಅನ್ನೋ ಇನ್ನೊಂದು ಪ್ರೋಟೀನ್ ಅದ್ರ ಬಾಯಿ ಮುಚ್ಚಿ ಹಿಡ್ಕೊಂಡಿರತ್ತೆ. ಗ್ಯಾಲಕ್ಟೋಸ್ ಹಿಡಿಯೋದು ಗ್ಯಾಲ್3 ಅನ್ನೋ ಮೂರನೇ ಪ್ರೋಟೀನನ್ನ, ಜೊತೆಗೆ ಸೆಲ್ಲಿನ ಶಕ್ತಿಯ ಅಣು ಎಟಿಪಿನೂ ಬೇಕು, ಆಗ ಗ್ಯಾಲ್3 ಹೋಗಿ ಗ್ಯಾಲ್80ನ ಹಿಡ್ಕೊಳತ್ತೆ, ಗ್ಯಾಲ್4 ಬಾಯಿ ಬಿಡತ್ತೆ.

ಇಷ್ಟೆಲ್ಲ ಓದ್ಕೊಂಡೂ ತಪ್ಪು ಬೇರೆ ಕಡೆ ಇತ್ತು. ರಾತ್ರಿಯಿಡೀ ಗ್ಲೂಕೋಸಲ್ಲಿ ಬೆಳ್ಸಿ, ಬೆಳಿಗ್ಗೆ ಸೆಂಟ್ರಿಫ್ಯೂಜಲ್ಲಿ ಒಂದೇ ಸ್ಪಿನ್ ಕೊಟ್ಟು, ಮೇಲಿನ ನೀರು ಚೆಲ್ಲಿ ಸೀದಾ ಗ್ಯಾಲಕ್ಟೋಸಿಗೆ ಹಾಕಿ ಎರಡು ಗಂಟೆಗೇ ಅಳೀತಿದ್ದೆ. ನಮ್ಮ ಸೀನಿಯರ್ ನೋಡಿ ನಕ್ಬಿಟ್ರು, ಮದುವೆ ಊಟ ಮಾಡ್ಕೊಂಡು ಬಂದವ್ರಿಗೆ ಚಿತ್ರಾನ್ನ ಬಡಿಸ್ತಿದ್ಯಲ್ಲೋ ಅಂತ. ಗ್ಲೂಕೋಸ್ ಇದ್ರೆ ಮಿಗ್1 ಅನ್ನೋ ಪ್ರೋಟೀನ್ ಗ್ಯಾಲ್ ಜೀನ್‌ಗಳನ್ನ ಅದುಮಿಡತ್ತೆ, ಗ್ಯಾಲ್4ನ ಜೀನನ್ನೂ ಬಿಡಲ್ಲ, ಅಂದ್ಮೇಲೆ ಆ ಸೆಲ್ಲು ಸುಧಾರಿಸ್ಕೊಳಕ್ಕೇ ಗಂಟೆಗಟ್ಲೆ ಬೇಕು.

ಆಮೇಲೆ ರಾಫಿನೋಸ್ ಅನ್ನೋ ಬೇರೆ ಸಕ್ಕರೆಲಿ ಬೆಳ್ಸಿದೆ. ಅದು ಅದುಮೋದೂ ಇಲ್ಲ ಎಬ್ಬಿಸೋದೂ ಇಲ್ಲ, ಗ್ಯಾಲ್4 ಡಿಎನ್ಎ ಮೇಲೆ ರೆಡಿಯಾಗಿ ಕೂತಿರತ್ತೆ. ದುಡ್ಡು ಜಾಸ್ತಿ, ಸೆಲ್ಲು ಬೆಳೆಯೋದೂ ನಿಧಾನ, ಸಿಲ್ಕ್ ಬೋರ್ಡ್ ಟ್ರಾಫಿಕ್ ಥರ. ಗ್ಯಾಲಕ್ಟೋಸನ್ನ ಆಟೋಕ್ಲೇವ್ ಮಾಡಿ, ಅಂದ್ರೆ ಪ್ರೆಶರ್ ಕುಕ್ಕರ್ ಥರ ಬಿಸಿ ಹಬೆಲಿ ಬೇಯ್ಸಿ, ಒಂದ್ಸಲ ಬೆಲ್ಲದ ಪಾಕದ ಬಣ್ಣ ಬರ್ಸಿದ್ದೆ, ಈಗ ಶೇ. 20ರ ಸ್ಟಾಕ್ ಮಾಡಿ ಫಿಲ್ಟರ್ ಮಾಡ್ತೀನಿ, ಕಲ್ಚರಿಗೆ ಶೇ. 2 ಬರೋ ಹಾಗೆ ಹಾಕ್ತೀನಿ. ಬಾಟ್ಲಿ ಲೇಬಲ್ಲೂ ನೋಡಿ ಮಾರಾಯ್ರೆ, ಅಗ್ಗದ ಗ್ಯಾಲಕ್ಟೋಸಲ್ಲಿ ಚೂರು ಗ್ಲೂಕೋಸ್ ಸೇರಿರತ್ತೆ.

ಆ ಶನಿವಾರ ಕ್ಲೋರೋಫಾರ್ಮ್, ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್ ಹಾಕಿ ಸೆಲ್ಲು ತೂತು ಮಾಡಿ ಒಎನ್‌ಪಿಜಿ ಬಿಟ್ಟೆ. ಹತ್ತು ನಿಮಿಷ ಆಗೋ ಮುಂಚೆನೇ ಅರಿಶಿನದ ನೀರು! ಗಡಿಬಿಡಿಲಿ ಸೋಡಿಯಂ ಕಾರ್ಬೊನೇಟ್ ಹಾಕಿ ನಿಲ್ಸಿ 420 ನ್ಯಾನೋಮೀಟರ್ ಬೆಳಕಲ್ಲಿ ರೀಡಿಂಗ್ ತಗೊಂಡೆ, ಗ್ಯಾಲಕ್ಟೋಸ್ ಹಾಕ್ದೇ ಇದ್ದ ಟ್ಯೂಬ್ ಪಕ್ಕದಲ್ಲೇ ಬೆಳ್ಳಗೆ ನಿಂತಿತ್ತು.

ಈಗ ಜೀನ್ ಎಬ್ಬಿಸೋ ಇನ್ನೊಂದು ಈಸ್ಟ್ ಪ್ರೋಟೀನ್, ಪುಟ್3 ನೋಡ್ತಿದೀನಿ. ಅಲ್ಲಿ ಮಧ್ಯವರ್ತಿ ಯಾರೂ ಇಲ್ಲ, ಪ್ರೋಲಿನ್ ಅನ್ನೋ ಅಮೈನೋ ಆಮ್ಲನೇ ಪುಟ್3ಗೆ ಅಂಟ್ಕೊಂಡು ಎಬ್ಬಿಸತ್ತೆ. ಸುಲಭ ಅನ್ಕೊಂಡು ಮೊನ್ನೆ ಮೀಡಿಯಾ ಕಲಸ್ತಿದ್ದೆ, ಡಬ್ಬಿ ನೋಡಿದ್ರೆ ಅಮೋನಿಯಂ ಸಲ್ಫೇಟ್ ಇರೋದು. ಅಷ್ಟು ಒಳ್ಳೆ ನೈಟ್ರೋಜನ್ ಸಿಕ್ರೆ ಈಸ್ಟು ಪ್ರೋಲಿನ್ ಕಡೆ ಸರಿಯಾಗಿ ತಿರುಗೂ ನೋಡಲ್ಲ. ಮತ್ತೆ ಅದೇ ಮದುವೆ ಊಟ. ಚೆಲ್ಲಿ, ಫ್ಲಾಸ್ಕ್ ತೊಳೆದಿಟ್ಟು ಮನೆಗೆ ಬಂದೆ.