1.60 ಅಂದರೆ ಎಷ್ಟು? ಬೆಟ್ಟಿಂಗ್ ರೇಟ್ ಓದುವುದು ಹೀಗೆ

ಕಾಫಿ ಕೊಯ್ಲು ಮುಗಿದು ಐಪಿಎಲ್ ಶುರುವಾಗುವ ಹೊತ್ತಿಗೆ ಕೊಡಗಿನ ಗೋಣಿಕೊಪ್ಪದ ಟೀ ಅಂಗಡಿಗಳಲ್ಲಿ ಎರಡು ರೇಟಿನ ಮಾತು ಇರುತ್ತದೆ. ಕಾಫಿ ಚೆರಿ (ಒಣಗಿಸಿದ ಹಣ್ಣು) ಮೂಟೆಯ ರೇಟನ್ನು ಜೋರಾಗಿಯೇ ಹೇಳುತ್ತಾರೆ. ಇನ್ನೊಂದನ್ನು ದನಿ ತಗ್ಗಿಸಿ: "ಇವತ್ತು 60 ಪೈಸೆ ಅಂತೆ."

60 ಪೈಸೆ ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ 60 ಪೈಸೆ ಲಾಭ. ಮೊಬೈಲ್‌ನಲ್ಲಿ ಇದೇ 1.60 ಆಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ನೀವು ಕಟ್ಟಿದ ರೂಪಾಯಿಯನ್ನೂ ಸೇರಿಸಿರುತ್ತಾರೆ. ಇಂಗ್ಲೆಂಡಿನಲ್ಲಾದರೆ 3/5 ಎಂದು ಬರೆಯುತ್ತಾರೆ. ಮೂರೂ ಒಂದೇ.

ಈಗ ಒಂದು ಪೆನ್ನು, ಕಾಗದ ತಗೊಳ್ಳಿ. 100ನ್ನು 1.60ರಿಂದ ಭಾಗಿಸಿ. 62.5 ಬಂತು ಅಲ್ವಾ? ಈ ತಂಡ ಗೆಲ್ಲುವ ಸಾಧ್ಯತೆ ಶೇಕಡಾ 62.5 ಎಂದು ಆ ರೇಟು ಹೇಳುತ್ತಿದೆ. ಹೇಳುವುದೇನೋ ಹೇಳುತ್ತದೆ, ಆದರೆ ಅದರಲ್ಲಿ ಸ್ವಲ್ಪ ಸುಳ್ಳೂ ಬೆರೆತಿದೆ. ಆ ಸುಳ್ಳು ಎಷ್ಟು ಎಂದು ತಿಳಿಯಲು ಕ್ರಿಕೆಟ್ ಬಿಟ್ಟು ತೆಂಗಿನಕಾಯಿಗೆ ಬರೋಣ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದ್ದೀರಲ್ಲ. ಕೊನೆಗೆ ಅಣ್ಣ, ತಮ್ಮ ಇಬ್ಬರೇ ಉಳಿದಿದ್ದಾರೆ ಎಂದುಕೊಳ್ಳಿ. ಅಣ್ಣನ ಕೈ ಸ್ವಲ್ಪ ಗಟ್ಟಿ. 100 ಸಲ ಎದುರಾದರೆ 60 ಸಲ ಅವನು, 40 ಸಲ ತಮ್ಮ ಗೆಲ್ಲುತ್ತಾರೆ. ನ್ಯಾಯವಾದ ರೇಟು ಎಷ್ಟು? 100ನ್ನು 60ರಿಂದ ಭಾಗಿಸಿದರೆ ಅಣ್ಣನಿಗೆ 1.67. 40ರಿಂದ ಭಾಗಿಸಿದರೆ ತಮ್ಮನಿಗೆ 2.50. ಈ ರೇಟಿನಲ್ಲಿ ಎಷ್ಟು ದಿನ ಆಡಿದರೂ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ.

ಬೆಟ್ ಕಟ್ಟಿಸಿಕೊಳ್ಳುವ ಬುಕ್ಕಿ ಈ ರೇಟು ಕೊಡುವುದಿಲ್ಲ. ಅಣ್ಣನಿಗೆ 1.60, ತಮ್ಮನಿಗೆ 2.30 ಎನ್ನುತ್ತಾನೆ. ಎರಡನ್ನೂ ಶೇಕಡಾವಾರು ಮಾಡಿ ಕೂಡಿಸಿ: 62.5 ಮತ್ತು 43.5, ಒಟ್ಟು 106. ನೂರಕ್ಕಿಂತ ಜಾಸ್ತಿ ಇರುವ ಆ 6 ಅವನ ಪಾಲು. ಅಣ್ಣನ ಮೇಲೆ 62.50, ತಮ್ಮನ ಮೇಲೆ 43.50 ರೂಪಾಯಿ ಬಿದ್ದಿದೆ ಅನ್ನಿ. ಅವನ ಕೈಗೆ ಬಂದದ್ದು 106. ಯಾರೇ ಗೆಲ್ಲಲಿ, ಕೊಡಬೇಕಾದ್ದು ಸುಮಾರು 100. ಕಾಯಿ ಒಡೆದವನು ಯಾರು ಎಂದು ಅವನು ತಿರುಗಿ ನೋಡುವ ಅಗತ್ಯವೂ ಇಲ್ಲ.

ನಿಮ್ಮ ಕಡೆಯಿಂದ ಲೆಕ್ಕ ಹಾಕಿ ನೋಡಿ. ಅಣ್ಣನ ಮೇಲೆ 100 ಸಲ ನೂರು ನೂರು ಕಟ್ಟಿದಿರಿ, ಖರ್ಚು 10,000. ಅರವತ್ತು ಸಲ ಗೆದ್ದು, ಸಲಕ್ಕೆ 160ರಂತೆ 9,600 ವಾಪಸ್ ಬಂತು. ನಿಮ್ಮ ಊಹೆ ಪಕ್ಕಾ ಸರಿಯಾಗಿತ್ತು, ಆದರೂ 400 ಹೋಯಿತು. ತಮ್ಮನ ಮೇಲೆ ಕಟ್ಟಿದ್ದರೆ 800 ಹೋಗುತ್ತಿತ್ತು. ಮೂರು ಮ್ಯಾಚ್ ಸೇರಿಸಿ ಒಂದೇ ಬೆಟ್ ಕಟ್ಟಿದರೆ ಈ 106, ಅಂದರೆ 1.06, ಮೂರು ಸಲ ಗುಣಿಸಿಕೊಂಡು (1.06 × 1.06 × 1.06) 1.19, ಅಂದರೆ 119 ಆಗುತ್ತದೆ. "ದೊಡ್ಡ ಗೆಲುವು" ಎಂದು ಅದನ್ನೇ ಯಾಕೆ ಜಾಸ್ತಿ ಮಾರುತ್ತಾರೆ ಎಂದು ಗೊತ್ತಾಯಿತಲ್ಲ.

ಇನ್ನು ರೇಟು ಯಾಕೆ ಏರಿಳಿಯುತ್ತದೆ? ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೆಜಿಲ್‌ನಲ್ಲಿ ಹಿಮ ಬಿದ್ದ ಸುದ್ದಿಗೆ ಇಲ್ಲಿ ಮೂಟೆಯ ಬೆಲೆ ಅಲುಗಾಡುವ ಹಾಗೆ, ಟಾಸ್, ಗಾಯ, ಮಳೆ ಎಲ್ಲಕ್ಕೂ ರೇಟು ಅಲುಗಾಡುತ್ತದೆ. ಒಂದೇ ಕಡೆ ದುಡ್ಡು ಸುರಿದರೂ ಅಷ್ಟೇ. ಬುಕ್ಕಿ ಆ ಕಡೆಯ ರೇಟು ಇಳಿಸಿ, ಇನ್ನೊಂದು ಕಡೆಗೆ ಆಸೆ ತೋರಿಸುತ್ತಾನೆ. ಹಾಗಾಗಿ ರೇಟು ಇಳಿದ ತಕ್ಷಣ ಒಳಗಿನ ಸುದ್ದಿ ಏನೋ ಇದೆ ಎಂದುಕೊಳ್ಳಬೇಡಿ.

ಮುನ್ಸೂಚನೆ ಹೇಳುವವರಿಗೆ ಹಳೆಯ ಅಂಕಿಅಂಶವೇ ಬಂಡವಾಳ. ಚೆಸ್ ಆಟಗಾರರಿಗಾಗಿ ಅರ್ಪಾಡ್ ಇಲೋ ರೂಪಿಸಿದ ರೇಟಿಂಗ್ ಲೆಕ್ಕವನ್ನೇ ಸ್ವಲ್ಪ ಬದಲಿಸಿ ಫಿಫಾ 2018ರಿಂದ ದೇಶಗಳ ರ‍್ಯಾಂಕಿಂಗ್‌ಗೆ ಬಳಸುತ್ತಿದೆ. ಬಲವಾದವರನ್ನು ಸೋಲಿಸಿದರೆ ಜಾಸ್ತಿ ಅಂಕ, ದುರ್ಬಲರನ್ನು ಸೋಲಿಸಿದರೆ ಕಡಿಮೆ. ಎರಡು ತಂಡಗಳ ಅಂಕದ ಅಂತರ ನೋಡಿ ಗೆಲುವಿನ ಸಾಧ್ಯತೆ ತೆಗೆಯುತ್ತಾರೆ. ಈ ಲೆಕ್ಕ ನಮ್ಮ ಕೊಡವ ಕೌಟುಂಬಿಕ ಹಾಕಿಗೆ ತಂದರೆ ಮಾತ್ರ ಮಕಾಡೆ ಮಲಗುತ್ತದೆ! 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಹಬ್ಬ ಅದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿದವು. ವರ್ಷಕ್ಕೊಮ್ಮೆ ಸೇರುವ ತಂಡ, ಅಜ್ಜನ ಪಕ್ಕ ಮೊಮ್ಮಗ, ಎದುರಿಗೆ ದೇಶಕ್ಕೆ ಆಡಿ ಬಂದವರು. ಇದಕ್ಕೆ ಯಾವ ರೇಟಿಂಗ್ ಹಾಕುತ್ತೀರಿ?

ಕಾನೂನಿನ ಮಾತು ಚಿಕ್ಕದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ. ಊರಿನ ಬುಕ್ಕಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿನಿಂದಲೂ ಇದೆ. ಅಂದಮೇಲೆ ಈ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಿ.

ಕೊನೆಯದಾಗಿ "ಟಿಪ್ಸ್" ಕೊಡುವ ಗುಂಪುಗಳು. ಪರಿಚಯದ ಎಸ್ಟೇಟ್ ರೈಟರ್ (ತೋಟದ ಗುಮಾಸ್ತ) ಒಬ್ಬರು ಫೋನ್ ಚಾಚಿ ತೋರಿಸಿದರು. "ನೋಡಿ ಸಾರ್, ಮೂರಕ್ಕೆ ಮೂರೂ ಸರಿ ಹೇಳಿದ್ದಾನೆ. ನಾಲ್ಕನೆಯದಕ್ಕೆ ಎರಡು ಸಾವಿರ ಕೇಳ್ತಿದ್ದಾನೆ." ಇದನ್ನು ಆಟದ ಗಂಧಗಾಳಿ ಇಲ್ಲದವರೂ ಮಾಡಬಹುದು. 800 ಜನರ ನಂಬರ್ ಹಿಡಿದು 400 ಜನಕ್ಕೆ ಈ ತಂಡ ಎನ್ನಿ, 400 ಜನಕ್ಕೆ ಆ ತಂಡ ಎನ್ನಿ. ಸರಿಯಾಗಿ ಬಂದ 400 ಜನಕ್ಕೆ ಮಾತ್ರ ಮುಂದಿನ ಮೆಸೇಜ್, ಮತ್ತೆ ಅರ್ಧ ಅರ್ಧ. ಆಮೇಲೆ 200, ಆಮೇಲೆ 100. ಆ ನೂರು ಜನರಿಗೆ ಇವನು ದೇವರು.

ರೈಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದ್ರೆ ಉಳಿದ 700 ಜನ ಎಲ್ಲಿ ಸಾರ್?"

"ಅವರು ಯಾಕೆ ಫೋನ್ ತೋರಿಸ್ತಾರೆ?" ಎಂದೆ.