ಪ್ಯಾರಡಿಸೊದಲ್ಲಿ ವೀಣೆಗೆ ಸೌಂಡ್ ಮಾಡಿದ್ದು

ಆಮ್‌ಸ್ಟರ್‌ಡ್ಯಾಮ್‌ನ ಪ್ಯಾರಡಿಸೊ ಮೊದಲು ಚರ್ಚ್ ಆಗಿತ್ತು, ಈಗ ಸಂಗೀತ ಕಾರ್ಯಕ್ರಮಗಳ ಜಾಗ. ಅಲ್ಲಿ ವೀಣೆ, ಮೃದಂಗ, ಡ್ರಮ್ಸ್, ಬೇಸ್ ಗಿಟಾರ್ ಇದ್ದ ಒಂದು ತಂಡಕ್ಕೆ ನಾನು ಸೌಂಡ್ ಮಾಡಿದೆ, ಅಂದರೆ ಮೈಕ್, ಮಿಕ್ಸರ್, ಸ್ಪೀಕರ್ ನೋಡಿಕೊಂಡೆ. ಇಂಥ ಕಟ್ಟಡದಲ್ಲಿ ಕೆಲಸ ಹೇಗೆ ಅಂತ ಕೇಳುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಟ್ಟಡ 1879–80ರದ್ದು. ಡಚ್ ರಿಫಾರ್ಮ್ಡ್ ಚರ್ಚ್ ಬಿಟ್ಟು ಹೊರಬಂದ ವ್ರೈಯೆ ಗೆಮೇಂಟೆ ಎಂಬ ಉದಾರ ಮನಸ್ಸಿನ ಪಂಗಡ ಕಟ್ಟಿಸಿತು. 1960ರ ದಶಕದಲ್ಲಿ ಅವರು ಜಾಗ ಖಾಲಿ ಮಾಡಿದರು. 1967ರಲ್ಲಿ ಹಿಪ್ಪಿಗಳು ಒಳಗೆ ಸೇರಿಕೊಂಡರು. ಪೊಲೀಸರು ಹೊರಹಾಕಿದರು. ಆದರೆ ಮರುವರ್ಷ, ಮಾರ್ಚ್ 30ಕ್ಕೆ, ನಗರಾಡಳಿತವೇ ಹಣ ಕೊಟ್ಟು ಅದನ್ನು ಯುವಕರ ಕೇಂದ್ರವಾಗಿ ತೆರೆಯಿತು. ಎಷ್ಟು ದೊಡ್ಡ ಮನಸ್ಸಿನ ಕೆಲಸ ಅಲ್ವಾ! 1995ರಲ್ಲಿ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಕೂಡ ಇಲ್ಲಿ ನುಡಿಸಿದರು.

ದೊಡ್ಡ ಹಾಲ್‌ನಲ್ಲಿ ಸುಮಾರು 1500 ಜನ ಹಿಡಿಯುತ್ತಾರೆ. ಎತ್ತರದ ಚಾವಣಿ, ಸುತ್ತ ಎರಡು ಅಂತಸ್ತಿನ ಬಾಲ್ಕನಿ, ವೇದಿಕೆಯ ಮೇಲೆ ಮೂರು ದೊಡ್ಡ ಕಿಟಕಿ. ನೋಡಲು ತುಂಬಾ ಚೆಂದ. ಕಿವಿಗೆ ಮಾತ್ರ ಕಷ್ಟದ ಜಾಗ. ಎಷ್ಟೋ ಸುಧಾರಣೆ ಮಾಡಿದ್ದರೂ ಹಾಲ್ ಇನ್ನೂ ಮೊಳಗುತ್ತದೆ. ನಿಧಾನದ ಸಾಮೂಹಿಕ ಹಾಡಿಗೆ ಆ ಮೊಳಗು ಬೇಕು. ಡ್ರಮ್ಸ್‌ಗೆ ಬೇಡ. ಒಂದು ಪೆಟ್ಟಿನ ಬಾಲ ಮುಗಿಯುವ ಮೊದಲೇ ಇನ್ನೊಂದು ಪೆಟ್ಟು ಬರುತ್ತದೆ.

ನಾನು ಮೊದಲು ಮಾಡಿದ್ದು ಚಪ್ಪಾಳೆ ತಟ್ಟಿ ಕೇಳುವುದು. ವೇದಿಕೆ ಮೇಲೆ, ಹಾಲ್ ಮಧ್ಯೆ, ಬಾಲ್ಕನಿ ಕೆಳಗೆ, ಮೇಲಿನ ಬಾಲ್ಕನಿಯ ಕೊನೆಯಲ್ಲಿ. ಸದ್ದು ಎಲ್ಲಿಂದ ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಹಾಲ್‌ನ ತಂತ್ರಜ್ಞರ ಜೊತೆ ಕೂತು ಸ್ಪೀಕರ್‌ಗಳ ದಿಕ್ಕು ನೋಡಿದೆ. ಸದ್ದು ಜನರ ಮೇಲೆ ಬೀಳಬೇಕು, ಗೋಡೆ ಗಾಜಿನ ಮೇಲೆ ಅಲ್ಲ. ಬಾಲ್ಕನಿ ಕೆಳಗಿನ ಸ್ಪೀಕರ್‌ಗೆ ಡಿಲೇ ಕೊಡಲೇಬೇಕು, ಅಂದರೆ ವೇದಿಕೆಯ ಸದ್ದು ಅಲ್ಲಿಗೆ ತಲುಪುವವರೆಗೆ ಅದರ ಸದ್ದನ್ನು ತಡೆದಿಡಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 17 ಮೀಟರ್ ದೂರಕ್ಕೆ ಹತ್ತಿರಹತ್ತಿರ 50 ಮಿಲಿಸೆಕೆಂಡ್. ಅದರ ಮೇಲೆ ಇನ್ನು ಸ್ವಲ್ಪ ಸೇರಿಸಿದೆ. ಆಗ ಕಿವಿಗೆ ನಾದ ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ.

ಖಾಲಿ ಹಾಲ್‌ನ ಸೌಂಡ್ ಚೆಕ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಜನ ತುಂಬಿದಾಗ ಅವರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಒಬ್ಬ ಮನುಷ್ಯ ಸರಿಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿ ಹೊರಗೆ ಬಿಡುವಷ್ಟು ಸದ್ದನ್ನು ಹೀರುತ್ತಾನೆ. ಆದರೆ ಇದು ಮಧ್ಯದ ಮತ್ತು ಮೇಲಿನ ಸ್ವರಗಳ ಲೆಕ್ಕ. ಕೆಳಗಿನ ಸ್ವರಗಳನ್ನು ಜನ ಅಷ್ಟಾಗಿ ಹೀರುವುದಿಲ್ಲ. ಬೇಸ್ ಹಾಗೇ ಹಾಲ್‌ನಲ್ಲಿ ಸುತ್ತುತ್ತಾ ಉಳಿಯುತ್ತದೆ.

ನಮ್ಮ ತಂಡಕ್ಕೆ ಇದೇ ದೊಡ್ಡ ಸಮಸ್ಯೆ. ಮೃದಂಗದ ಎಡಗಡೆಯ ಗುಂಕಾರ, ಕಾಲಲ್ಲಿ ಬಡಿಯುವ ಕಿಕ್ ಡ್ರಮ್, ಬೇಸ್ ಗಿಟಾರ್, ಮೂರೂ ಕೆಳಗಿನ ಸ್ವರಗಳ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ವೀಣೆಯ ಗಮಕ ಅದರಡಿ ಮುಚ್ಚಿಹೋಗುತ್ತದೆ. ಮಿಕ್ಸರ್‌ನಲ್ಲಿ ವೀಣೆಯ ಫೇಡರ್ (ಸದ್ದು ಏರಿಸಿ ಇಳಿಸುವ ಹಿಡಿ) ಏರಿಸಿದರೆ, ಸ್ಪೀಕರ್ ಸದ್ದು ಮತ್ತೆ ಮೈಕಿಗೆ ಹೋಗಿ ಫೀಡ್‌ಬ್ಯಾಕ್ ಕೂಗುತ್ತದೆ. ಹಾಗಾಗಿ ನಾನು ಏರಿಸಲಿಲ್ಲ, ಉಳಿದದ್ದನ್ನು ಇಳಿಸಿದೆ. ವೀಣೆ ಚಾನೆಲ್‌ನಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳನ್ನು ತೆಗೆದೆ. ಮೃದಂಗದ ಎಡಗಡೆ ಮೈಕನ್ನು ಹತ್ತಿರ ತಂದು 200 ಹರ್ಟ್ಜ್ ಸುತ್ತ ಸ್ವಲ್ಪ ಕಡಿಮೆ ಮಾಡಿದೆ. ನುಡಿಸುವವರು ತಮ್ಮ ಸದ್ದು ಕೇಳಿಸಿಕೊಳ್ಳಲು ಇಡುವ ವೇದಿಕೆಯ ಮಾನಿಟರ್ ಸ್ಪೀಕರ್ ಬದಲು ಎಲ್ಲರಿಗೂ ಇಯರ್‌ಫೋನ್ ಕೊಟ್ಟೆ. ಬೇಸ್ ನುಡಿಸುವವರಿಗೆ, "ಅಣ್ಣಾ, ಆಂಪ್ ಸ್ವಲ್ಪ ಇಳಿಸಿ, ಮಿಕ್ಕಿದ್ದು ಹಾಲ್ ಕೊಡುತ್ತೆ" ಅಂದೆ. ಅವರು ತಕ್ಷಣ ಒಪ್ಪಿದರು. ಮಿಕ್ಸರ್‌ನಲ್ಲಿ ರಿವರ್ಬ್, ಅಂದರೆ ಕೃತಕ ಮೊಳಗು, ಒಂದು ಚೂರೂ ಹಾಕಲಿಲ್ಲ. ಕಟ್ಟಡವೇ ಧಾರಾಳವಾಗಿ ಕೊಡುವಾಗ ಸುಮ್ನೆ ಇನ್ನೊಂದು ಯಾಕೆ?

ಆಲಾಪನೆ ಶುರುವಾದಾಗ ಮೀಟಿನ ನಾದ ಮೇಲೆ ಹೋಗಿ ಮೆಲ್ಲಗೆ ಇಳಿಯುವುದನ್ನು ಕೇಳಿ ನನಗೆ ತುಂಬಾ ಖುಷಿ ಆಯಿತು. ಈ ಕಟ್ಟಡ ವೀಣೆಗೆ ನಿಜವಾಗಿಯೂ ಒಗ್ಗುತ್ತದೆ. ತಾಳವಾದ್ಯ ಮಾತ್ರ ನುಡಿಯುವ ತನಿ ಆವರ್ತನಕ್ಕೆ ಮಾತ್ರ ಮಿಕ್ಸರ್ ಮೇಲೆ ಕೈ ಬಿಗಿಯಾಗಿರಬೇಕು. ಮಧ್ಯಮ ವೇಗದವರೆಗೆ ಪ್ರತಿ ಜತಿ ಬಿಡಿಬಿಡಿಯಾಗಿ ಕೇಳುತ್ತದೆ. ಅದಕ್ಕಿಂತ ದ್ರುತ ಆದರೆ ಎಡಗಡೆ ಮೈಕ್ ಇನ್ನೂ ಇಳಿಸಿ. ಇದನ್ನು ಮೃದಂಗದವರಿಗೆ ಸೌಂಡ್ ಚೆಕ್‌ನಲ್ಲೇ ಹೇಳಿಡಿ, ಅವರೇ ಕೈಯ ತೂಕ ಬದಲಿಸಿಕೊಳ್ಳುತ್ತಾರೆ. ಅದೇ ಕಟ್ಟಡದಲ್ಲಿ ಮೇಲೆ ಒಂದು ಚಿಕ್ಕ ಹಾಲ್ ಇದೆ. ಅಲ್ಲಿ ನುಡಿಸುವುದಾದರೆ ಈ ಲೆಕ್ಕ ಯಾವುದೂ ಬೇಡ, ಸೊನ್ನೆಯಿಂದ ಶುರು ಮಾಡಿ.